ಮೊದಲ ಸಲ ಬಂದ ದೊಡ್ಡಳಿಯ

ಚಿಕ್ಕಳಿಯನಿಗೆ ಬಡ್ತಿ ಸಿಕ್ಕಿತೆಂದು ದೊಡ್ಡಳಿಯನಿಗೇನೂ ಸಂಕಟವಾಗಲಿಲ್ಲ. ಮದುವೆಯಾದಾಗಿನಿಂದ ಚಿಕ್ಕಳಿಯನಿಗೆ ಏನಾದರೊಂದು ಸಿಗುತ್ತಲೇ ಬಂದಿತ್ತು. ಕಾರು ಸಿಕ್ಕಿತು, ಕಂಪನಿಯ ಖರ್ಚಿನಲ್ಲಿ ವಿಮಾನ ಹತ್ತುವ ಯೋಗ ಸಿಕ್ಕಿತು, ನಲವತ್ತು ದಾಟಿದರೂ ಉದುರದ ಕೂದಲು ಸಿಕ್ಕಿತು. ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರಲ್ಲಿ ಒಬ್ಬನಿಗೆ ಎಲ್ಲವೂ ಸಿಕ್ಕರೆ ಇನ್ನೊಬ್ಬನಿಗೆ ಅದನ್ನು ಮೆಚ್ಚಿಕೊಳ್ಳುವ ಕೆಲಸ ಸಿಗುತ್ತದೆ. ದೊಡ್ಡಳಿಯ ಆ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ. ಅವನ ಎದೆ ಧಸಕ್ಕೆಂದದ್ದು ಬಡ್ತಿಯ ಸುದ್ದಿಗಲ್ಲ, ಬಡ್ತಿಯ ಊಟ ಎಲ್ಲಿ ಎಂಬ ಸುದ್ದಿಗೆ.

“ನಮ್ಮ ಹೊಸ ಫ್ಲಾಟಿನ ಕೆಳಗೇ ಇದೆ ಷಡ್ಡಕರೇ,” ಎಂದ ಚಿಕ್ಕಳಿಯ ಫೋನಿನಲ್ಲಿ. “ಮಾಡರ್ನ್ ಯುರೋಪಿಯನ್. ಬೆಳಿಗ್ಗೆ ತೆಗೆದ್ರೆ ರಾತ್ರಿವರೆಗೂ ಮುಚ್ಚಲ್ಲ. ಒಂದು ಕಾಫಿ ತಗೊಂಡು ದಿನವಿಡೀ ಕೂತ್ರೂ ಯಾರೂ ಏಳಿ ಅನ್ನಲ್ಲವಂತೆ. ಅಂಥ ಜಾಗ ನೀವು ನೋಡಿರಲ್ಲ ಬಿಡಿ.”

ನೋಡಿದ್ದ. ಮೂರು ತಿಂಗಳಿಂದ ನೋಡುತ್ತಲೇ ಇದ್ದ. ಒಂದು ಕಾಫಿ ತೆಗೆದುಕೊಂಡು ದಿನವಿಡೀ ಕೂರುತ್ತಿದ್ದವನು ಅವನೇ.

ಸಂಗತಿ ಇಷ್ಟು. ದೊಡ್ಡಳಿಯ ಒಂದು ಹಾಸಿಗೆ ಕಂಪನಿಯ ದೂರು ವಿಭಾಗದಲ್ಲಿದ್ದ. ಹಾಸಿಗೆ ಕುಸಿಯಿತು, ಹಾಸಿಗೆ ಕಿರುಗುಟ್ಟುತ್ತದೆ, ಹಾಸಿಗೆಯಿಂದ ಗಂಡನಿಗೆ ಬೆನ್ನು ಹಿಡಿಯಿತು ಎಂದು ಬರೆದವರಿಗೆಲ್ಲ ಕಂಪನಿಯ ಪರವಾಗಿ ಕ್ಷಮೆ ಕೇಳುವುದು ಅವನ ಕೆಲಸ. ಆಮೇಲೆ ಕಂಪನಿ ಒಂದು ಯಂತ್ರ ತಂದಿತು. ಅದು ಅವನಿಗಿಂತ ಬೇಗ ಕ್ಷಮೆ ಕೇಳುತ್ತಿತ್ತು, ಅವನಿಗಿಂತ ಹೆಚ್ಚು ಮರುಗುತ್ತಿತ್ತು, ಮಧ್ಯಾಹ್ನ ತೂಕಡಿಸುತ್ತಿರಲಿಲ್ಲ. ದೊಡ್ಡಳಿಯನನ್ನು ಕರೆದು, ಕೈಕುಲುಕಿ, ಕೆಲವು ತಿಂಗಳ ಸಂಬಳವನ್ನೂ ಒಂದು ಹೂಗುಚ್ಛವನ್ನೂ ಕೊಟ್ಟು ಕಳಿಸಿಬಿಟ್ಟರು. ಹೂಗುಚ್ಛವನ್ನು ಅವನು ಬಸ್ಸಿನಲ್ಲೇ ಬಿಟ್ಟು ಇಳಿದ.

ಮನೆಯಲ್ಲಿ ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡು ಬಾಗಿಲ ತನಕ ಬಂದಿದ್ದ. ಒಳಗೆ ಹೆಂಡತಿ ತಂಗಿಯ ಜೊತೆ ಫೋನಿನಲ್ಲಿದ್ದಳು. “ನಮ್ಮವರದ್ದು ನಿಮ್ಮವರ ಥರ ಹಾರಾಟ ಇಲ್ಲ ಕಣೆ, ಆದ್ರೆ ಹಿಡಿದ ಕೆಲಸ ಬಿಟ್ಟವರಲ್ಲ, ಕಲ್ಲಿನ ಥರ ಕೂತಿದ್ದಾರೆ,” ಎನ್ನುತ್ತಿದ್ದಳು. ಆ ಮನೆತನದಲ್ಲಿ ದೊಡ್ಡಳಿಯನ ಬಗ್ಗೆ ಹೇಳಿಕೊಳ್ಳಬಹುದಾದ ಒಳ್ಳೆಯ ಮಾತು ಅದೊಂದೇ. ಅದನ್ನೂ ಅವಳ ಬಾಯಿಂದ ಕಿತ್ತುಕೊಳ್ಳುವ ಧೈರ್ಯವಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಕೈಕಾಲು ತೊಳೆಯಲು ಹೋದ. ಮರುದಿನ ಎಂದಿನ ಹೊತ್ತಿಗೆ ಶೂ ಹಾಕಿಕೊಂಡು ಹೊರಟ. ಹೊರಟಿದ್ದೇನೋ ಹೊರಟ, ಹೋಗುವುದೆಲ್ಲಿಗೆ?

ಕೆಲಸವಿಲ್ಲದವನಿಗೆ ಹಗಲು ಕಳೆಯಲು ಜಾಗ ಸಿಗುವುದು ಕೆಲಸ ಸಿಗುವುದಕ್ಕಿಂತ ಕಷ್ಟ. ಉದ್ಯಾನಕ್ಕೆ ಹೋದರೆ ಬೆಂಚಿನ ಮೇಲಿನ ನಿವೃತ್ತರು “ನಿಮಗಿವತ್ತು ರಜವೇ?” ಎಂದು ಕೇಳುತ್ತಾರೆ. ಗ್ರಂಥಾಲಯದಲ್ಲಿ ಪೇಪರು ಹಿಡಿದವರು ಬಿಡುವುದಿಲ್ಲ. ರೈಲು ನಿಲ್ದಾಣದಲ್ಲಿ ಎರಡನೆಯ ದಿನವೇ ಪಕ್ಕದ ಮನೆಯವರು ಸಿಕ್ಕಿ, ಯಾರನ್ನು ಕಳಿಸಲು ಬಂದಿರಿ ಎಂದರು. ಕೊನೆಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಒಂದು ಬಡಾವಣೆಯಲ್ಲಿ ಈ ಹೋಟೆಲು ಕಣ್ಣಿಗೆ ಬಿತ್ತು. ಅದರ ಬಾಗಿಲಲ್ಲಿ ಹೆಸರು ಎಷ್ಟು ಸಣ್ಣಕ್ಷರದಲ್ಲಿತ್ತೆಂದರೆ, ಓದಲು ಹತ್ತಿರ ಹೋದವನು ನಾಚಿಕೆಗಾದರೂ ಒಳಗೆ ಹೋಗಬೇಕು. ದೊಡ್ಡಳಿಯ ಹಾಗೆಯೇ ಒಳಗೆ ಹೋದ.

ಒಳಗೆ ನೋಡಿದರೆ ಗೋಡೆಗೆ ಗಾರೆಯಿಲ್ಲ. ದುಡ್ಡಿಲ್ಲದೆ ಬಿಟ್ಟದ್ದಲ್ಲ; ಇದ್ದ ಗಾರೆಯನ್ನು ದುಡ್ಡು ಕೊಟ್ಟು ಕೆರೆಸಿದ್ದರು. ತಲೆಯ ಮೇಲೆ ಕೊಳವೆಗಳು ಬೆತ್ತಲೆ ಓಡಾಡುತ್ತಿದ್ದವು. ಬಲ್ಬುಗಳು ತಮ್ಮನ್ನು ತಾವು ತೋರಿಸಿಕೊಳ್ಳುವಷ್ಟು ಮಾತ್ರ ಉರಿಯುತ್ತಿದ್ದವು. ಒಂದು ಕಪಾಟಿನಲ್ಲಿ ಪುಸ್ತಕಗಳನ್ನು ಬೆನ್ನು ಒಳಗೆ ಮಾಡಿ ಜೋಡಿಸಿದ್ದರು, ಹೆಸರು ಕಂಡರೆ ಗೋಡೆಯ ಬಣ್ಣಕ್ಕೆ ಹೊಂದುವುದಿಲ್ಲವಂತೆ. ಪಾಳುಬಿದ್ದಂತೆ ಕಾಣಲು ಇಷ್ಟು ಖರ್ಚು ಮಾಡುವ ಜಾಗಕ್ಕೆ ತನ್ನ ನೆಂಟರಿಷ್ಟರಲ್ಲಿ ಒಬ್ಬರೂ ಕಾಲಿಡುವುದಿಲ್ಲ ಎಂದು ದೊಡ್ಡಳಿಯನಿಗೆ ಖಾತ್ರಿಯಾಯಿತು. ಸುತ್ತ ಕೂತವರೆಲ್ಲ ಲ್ಯಾಪ್‌ಟಾಪ್ ತೆರೆದು ಗಂಭೀರವಾಗಿದ್ದರು. ಅವನೂ ತೆರೆದ. ದಿನಕ್ಕೊಂದಿಷ್ಟು ಅರ್ಜಿ ಹಾಕುತ್ತಿದ್ದ. ಉತ್ತರವಾಗಿ ಬರುತ್ತಿದ್ದ ವಿಷಾದದ ಮಾತುಗಳನ್ನು ನೋಡಿದರೆ ಅಲ್ಲೆಲ್ಲ ಕೂತಿದ್ದುದೂ ಅದೇ ಯಂತ್ರ ಎನ್ನಿಸುತ್ತಿತ್ತು.

ಹೀಗೆ ಮೂರು ತಿಂಗಳು ಕಳೆದ ಮೇಲೆ, ಇಡೀ ಊರಿನಲ್ಲಿ ಬೇರೆಲ್ಲೂ ಜಾಗವಿಲ್ಲವೆಂಬಂತೆ ಚಿಕ್ಕಳಿಯ ಆ ಹೋಟೆಲಿನ ನೆತ್ತಿಯ ಮೇಲೇ ಫ್ಲಾಟು ಕೊಂಡಿದ್ದ. ದೊಡ್ಡಳಿಯ ಹೊಟ್ಟೆನೋವೆಂದ. ಹೆಂಡತಿ, “ಒಂದು ದಿನ ಅವರ ಜೊತೆ ಕೂತು ಉಂಡ್ರೆ ನಿಮ್ಮ ಗಂಟೇನು ಹೋಗುತ್ತೆ? ನನ್ನ ತಂಗಿ ಬೇಜಾರು ಮಾಡ್ಕೊಳಲ್ವಾ?” ಎಂದು ಗದರಿ, ತನ್ನ ಒಳ್ಳೆಯ ಸೀರೆ ತೆಗೆದಳು. ಅವನು ತಲೆ ಓಡಿಸಿದ. ಹಗಲಿನ ಪಾಳಿಯವರು ಸಂಜೆ ಐದಕ್ಕೆಲ್ಲ ಏಪ್ರನ್ ಬಿಚ್ಚಿಟ್ಟು ಹೋಗುತ್ತಾರೆ. ಅವನೂ ಆ ಹೊತ್ತಿಗೇ ಬ್ಯಾಗು ಹೆಗಲಿಗೇರಿಸುತ್ತಿದ್ದ. ರಾತ್ರಿಯ ಪಾಳಿಯವರು ಅವನ ಮುಖ ಕಂಡವರಲ್ಲ. ಗುರುತು ಹಿಡಿಯುವವರೇ ಇಲ್ಲದಿದ್ದ ಮೇಲೆ ಹೆದರಿಕೆಯೇಕೆ? ಅಷ್ಟಾಗುವಾಗ ಹೊಟ್ಟೆನೋವು ತಾನಾಗಿ ವಾಸಿಯಾಯಿತು.

ಸಂಜೆ ನಾಲ್ವರೂ ಹೋಗಿ ಕೂತರು. ಚರ್ಮದ ಏಪ್ರನ್ ತೊಟ್ಟ ಒಬ್ಬ ಯುವಕ ಬಂದ. ಏಪ್ರನ್ ನೋಡಿದರೆ ಕುದುರೆಗೆ ಲಾಳ ಹೊಡೆಯಲು ಬಂದವನಂತಿದ್ದ.

“ಮೊದಲ ಸಲ ಬರ್ತಿದ್ದೀರಾ ನಮ್ಮಲ್ಲಿಗೆ?”

“ಮೊದಲ ಸಲ,” ಎಂದ ಚಿಕ್ಕಳಿಯ.

“ಮೊಟ್ಟಮೊದಲ ಸಲ!” ಎಂದ ದೊಡ್ಡಳಿಯ, ಬೇಕಾದ್ದಕ್ಕಿಂತ ಹೆಚ್ಚು ಉತ್ಸಾಹದಿಂದ.

“ಹಾಗಾದ್ರೆ ನಮ್ಮ ಕಾನ್ಸೆಪ್ಟ್ ಹೇಳ್ಬಿಡ್ತೀನಿ,” ಎಂದ ಏಪ್ರನ್ನಿನವನು. ಊಟಕ್ಕೆ ಕೂತವರಿಗೆ ಊಟವೆಂದರೇನೆಂದು ಹೇಳಿಕೊಡುವ ಕಾಲ ಬಂದಿದೆ. ತಟ್ಟೆಗಳು ಚಿಕ್ಕವು, ಹಂಚಿಕೊಂಡು ತಿನ್ನಬೇಕು; ಯಾವುದು ಮೊದಲು ಬರುತ್ತದೆ ಎಂಬುದು ಅಡುಗೆಮನೆಯ ಇಷ್ಟ, ಗಿರಾಕಿಯ ಇಷ್ಟವಲ್ಲ. “ಯಾವ ದೇಶದ ಅಡುಗೆ ಇದು?” ಎಂದು ನಾದಿನಿ ಕೇಳಿದಳು. ಏಪ್ರನ್ನಿನವನು ಕೊಂಚ ನೊಂದುಕೊಂಡು, “ಯಾವ ದೇಶದ್ದೂ ಅಲ್ಲ ಮೇಡಂ. ಒಟ್ಟಾರೆ ಯುರೋಪಿಂದು,” ಎಂದ.

ಮೆನುವಿನಲ್ಲಿ ಅಡುಗೆಗಳಿಗೆ ಹೆಸರಿರಲಿಲ್ಲ, ಸಾಮಾನುಗಳ ಪಟ್ಟಿಯಿತ್ತು. ಕ್ಯಾರೆಟ್, ಜೇನು, ಹುಲ್ಲು. ಮೀನು, ನಿಂಬೆ, ಮೌನವಾಗಿ ಬೇಯಿಸಿದ್ದು. ಎಲೆಕೋಸು, ಕೆನೆ, ಬೂದಿ.

“ಬೂದಿ ಅಂದ್ರೆ ಬೂದೀನೇನಾ?” ಎಂದಳು ಹೆಂಡತಿ.

“ಹೌದು ಮೇಡಂ. ಈರುಳ್ಳೀನ ಪೂರ್ತಿ ಸುಟ್ಟು ಮಾಡಿರೋದು.”

“ನಮ್ಮನೇಲಿ ಅದಾದ್ರೆ ಪಾತ್ರೆ ನೆನೆಹಾಕ್ತೀವಿ,” ಎಂದಳು ಅವಳು, ಯಾವ ವ್ಯಂಗ್ಯವೂ ಇಲ್ಲದೆ. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಚಿಕ್ಕಳಿಯ ನಗಲಿಲ್ಲ, ಊಟ ಕೊಡಿಸುತ್ತಿದ್ದವನು ಅವನು.

ಮೊದಲು ಬಂದದ್ದು ಕ್ಯಾರೆಟ್ಟು. ನಾಲ್ಕು ಜನರ ಮೇಜಿಗೆ ಮೂರು ತುಂಡು. ಆ ಹೋಟೆಲಿನಲ್ಲಿ ಎಲ್ಲವೂ ಮೂರೇ. ಇಬ್ಬರಿದ್ದರೂ ಮೂರು, ನಾಲ್ವರಿದ್ದರೂ ಮೂರು. ಜನ ಇದ್ದಷ್ಟೇ ತುಂಡು ಕೊಟ್ಟರೆ ಅದು ಊಟವಾಗಿಬಿಡುತ್ತದೆ, ಕಾನ್ಸೆಪ್ಟ್ ಆಗುವುದಿಲ್ಲ. ಎರಡು ತುಂಡು ಹೇಗೋ ಎದ್ದವು. ಮೂರನೆಯದಕ್ಕೆ ಉಪಚಾರ ಶುರುವಾಯಿತು. “ನೀವು ತಗೊಳ್ಳಿ ಭಾವ.” “ಅಯ್ಯೋ ನನಗೆ ಬೇಡ, ನೀನು ತಗೋ.” “ಅಕ್ಕ ತಿಂದೇ ಇಲ್ಲ ನೋಡಿ.” “ನನಗೆ ಕ್ಯಾರೆಟ್ ಅಷ್ಟಕ್ಕಷ್ಟೆ.” ಇವರ ಉಪಚಾರ ಮುಗಿಯುವಷ್ಟರಲ್ಲಿ ಏಪ್ರನ್ನಿನವನು ಬಂದು, ತಟ್ಟೆಯನ್ನು ತುಂಡಿನ ಸಮೇತ ಎತ್ತಿಕೊಂಡು ಹೋದ. ನಾಲ್ವರೂ ಅದು ಹೋದ ದಾರಿಯನ್ನೇ ನೋಡಿದರು.

ಇಷ್ಟು ಹೊತ್ತಿಗೆ ದೊಡ್ಡಳಿಯನ ಜೀವ ಹಗುರಾಗಿತ್ತು. ರಾತ್ರಿಯ ಪಾಳಿಯ ಒಬ್ಬನೂ ಅವನತ್ತ ಎರಡನೆಯ ಸಲ ನೋಡಿರಲಿಲ್ಲ. ಆದರೆ ಪಾಪದವನು ಒಂದು ಲೆಕ್ಕ ತಪ್ಪಿದ್ದ. ಹೋಟೆಲಿನವರು ಅವನನ್ನು ಗುರುತು ಹಿಡಿಯದಿದ್ದರೇನು, ಅವನ ಮೈಗೆ ಆ ಹೋಟೆಲಿನ ಗುರುತು ಚೆನ್ನಾಗಿ ಹತ್ತಿಬಿಟ್ಟಿತ್ತು. ಕೂರುವಾಗಲೇ ಅವನು ಹೆಂಡತಿಗೆ, “ಆ ಕುರ್ಚಿ ಬೇಡ, ಈ ಕಡೆ ಬಾ,” ಎಂದಿದ್ದ. ಆ ಕುರ್ಚಿಯಲ್ಲಿ ಚಿಕ್ಕಳಿಯ ಕೂತ. ಈಗ ಮೇಲಿನ ಬೆತ್ತಲೆ ಕೊಳವೆಯಿಂದ ಒಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹನಿ, ಆ ಉದುರದ ಕೂದಲಿನ ನಡುವೆ ಬೀಳತೊಡಗಿತು. ಹೆಂಡತಿ ಮೇಲೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಗಂಡ ಮೆನು ನೋಡುತ್ತಿದ್ದ. ಮೇಜು ಒಮ್ಮೆ ಕುಂಟಿತು. ಅವನು ಮಾತಾಡುತ್ತಲೇ ಕಾಗದದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿಯೂ ನೋಡದೆ, ಪಾದದಿಂದಲೇ ಸರಿಯಾದ ಕಾಲಿನ ಕೆಳಗೆ ಸರಿಸಿದ. ಮೇಜು ಅಲ್ಲಾಡುವುದು ನಿಂತಿತು. ಹೆಂಡತಿ ಅದನ್ನೂ ನೋಡಿದಳು.

ಅಷ್ಟರಲ್ಲಿ ಚಿಕ್ಕಳಿಯ ಶೌಚಾಲಯ ಹುಡುಕಿಕೊಂಡು ಹೋದ. ಆ ಹೋಟೆಲಿನಲ್ಲಿ ಶೌಚಾಲಯಕ್ಕೆ ಬೋರ್ಡಿಲ್ಲ, ಬಾಗಿಲೂ ಇಲ್ಲ. ಅಂದರೆ ಇದೆ, ಆದರೆ ಮರದ ಹಲಗೆ ಹೊಡೆದ ಗೋಡೆಯಲ್ಲಿ ಒಂದು ಹಲಗೆಯಂತೆ ಅಡಗಿಕೊಂಡಿದೆ, ಹೊರಗೆ ಹಿಡಿಯಿಲ್ಲ, ಚಿಲಕವಿಲ್ಲ. ಮನುಷ್ಯನಿಗೆ ಅಂಥ ಅಗತ್ಯವೊಂದಿದೆ ಎಂದು ಒಪ್ಪಿಕೊಳ್ಳಲು ಹೋಟೆಲು ಕಟ್ಟಿದವನಿಗೆ ನಾಚಿಕೆಯಾಗಿರಬೇಕು. ಚಿಕ್ಕಳಿಯ ಗೋಡೆಯ ಉದ್ದಕ್ಕೂ ತಡವುತ್ತ ನಡೆದ, ಕುರುಡನಂತೆ. ಒಮ್ಮೆ ಅಡುಗೆಮನೆಗೆ ನುಗ್ಗಿ ಕ್ಷಮೆ ಕೇಳಿ ಬಂದ. ಒಮ್ಮೆ ಪೊರಕೆಗಳಿದ್ದ ಕಪಾಟು ತೆರೆದ. ಬಡ್ತಿ ಪಡೆದ ಮನುಷ್ಯ ಹೊಸ ಸೂಟಿನಲ್ಲಿ ಗೋಡೆಗೆ ಕೈಯೂರಿ ನಿಂತಿರುವುದನ್ನು ನೋಡಿ ದೊಡ್ಡಳಿಯನಿಗೆ ಒಳಗೊಳಗೇ ಎಂಥದೋ ಉಲ್ಲಾಸವಾಯಿತು. ಆ ಉಲ್ಲಾಸದಲ್ಲಿ ನಾಲಿಗೆ ಜಾರಿತು.

“ಕನ್ನಡಿಯಿಂದ ಮೂರನೇ ಹಲಗೆ!” ಎಂದು ಕೂತಲ್ಲಿಂದಲೇ ಕೂಗಿದ. “ಮೇಲೆ ತಳ್ಳಬೇಡಿ, ಬರಲ್ಲ. ಮೊಣಕಾಲಿನ ಹತ್ತಿರ ಒಂದು ಸಲ ಗುದ್ದಿ!”

ಚಿಕ್ಕಳಿಯ ಗುದ್ದಿದ. ಬಾಗಿಲು ತೆರೆಯಿತು.

“ನಿಮಗೆ ಹೇಗೆ ಗೊತ್ತು ಭಾವ?” ಎಂದಳು ನಾದಿನಿ.

“ಹೀಗೇ… ಅಂದಾಜು,” ಎಂದ ದೊಡ್ಡಳಿಯ.

ಚಿಕ್ಕಳಿಯ ಹೊರಬಂದ ಮೇಲೆ ಹೆಂಡತಿ ಎದ್ದು ಹೋದಳು. ಹಲಗೆಗಳನ್ನು ಎಣಿಸಿ, ಮೊಣಕಾಲಿನಿಂದ ಗುದ್ದಿ ಒಳಗೆ ಹೋದಳು. ಹೊರಗೆ ಬಂದವಳು ಕೂರಲಿಲ್ಲ. ಗಂಡನ ಪಕ್ಕ ನಿಂತು ತನ್ನ ಕೈಯನ್ನು ಅವನ ಮೂಗಿಗೆ ಹಿಡಿದಳು. ಅಲ್ಲಿ ಇಟ್ಟಿರುತ್ತಿದ್ದ ಸಾಬೂನಿನ ಲ್ಯಾವೆಂಡರ್ ವಾಸನೆ, ಹೂವಿನ ಅಂಗಡಿಯೊಂದು ಮುಖಕ್ಕೆ ಬಡಿದ ಹಾಗೆ.

“ಮೂರು ತಿಂಗಳಿಂದ ನಿಮ್ಮ ಕೈಯಲ್ಲಿ ಇದೇ ವಾಸನೆ. ಆಫೀಸಲ್ಲಿ ಸೋಪು ಬದಲಾಯಿಸಿದ್ದಾರೆ ಅಂದ್ರಿ.” ಅವಳ ದನಿ ಸಣ್ಣದಾಗಿತ್ತು. “ಯಾರವಳು?”

ದೊಡ್ಡಳಿಯನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಸಿಕ್ಕಿಬಿದ್ದೆನೆಂದು ಅವನ ಜೀವ ಬಾಯಿಗೆ ಬಂದಿತ್ತು. ಆದರೆ ಹಿಡಿದವಳು ಹಿಡಿದದ್ದು ಬೇರೇನನ್ನೋ. ಅವಳು ಕೂತು ಒಂದೊಂದಾಗಿ ಬಿಡಿಸಿದಳು. ದಿನ ಬಿಟ್ಟು ದಿನ ಗಡ್ಡ ಹೆರೆಯುತ್ತಿದ್ದವರು ಈಗ ದಿನಾ ಹೆರೆಯುತ್ತೀರಿ. ಶರ್ಟಿಗೆ ನೀವೇ ಇಸ್ತ್ರಿ ಹಾಕಿಕೊಳ್ಳುತ್ತೀರಿ. ಸಂಜೆ ಬಂದಾಗ ಮುಖದಲ್ಲಿ ದಣಿವಿಲ್ಲ. ಮಧ್ಯಾಹ್ನ ಆಫೀಸಿಗೆ ಫೋನು ಮಾಡಬೇಡ ಎನ್ನುತ್ತೀರಿ. ಎಲ್ಲವೂ ನಿಜ. ಕೆಲಸ ಕಳೆದುಕೊಂಡವನು ಕೆಲಸದಲ್ಲಿದ್ದವನಿಗಿಂತ ನೀಟಾಗಿ ಕಾಣಬೇಕಾಗುತ್ತದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಒಂದು ಮಾತಿನಲ್ಲಿ ಎಲ್ಲವನ್ನೂ ಬಗೆಹರಿಸಬಹುದಿತ್ತು. ದೊಡ್ಡಳಿಯ ಬಾಯಿ ತೆರೆದ. ತೆರೆದವನ ಕಣ್ಣು ಎದುರಿಗಿದ್ದ ಚಿಕ್ಕಳಿಯನ ಮೇಲೆ ಬಿತ್ತು.

ಚಿಕ್ಕಳಿಯ ಅವನನ್ನೇ ನೋಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಚಿಕ್ಕಳಿಯ ಅವನನ್ನು ನೋಡಿದ್ದೆಂದರೆ ಹಾಸಿಗೆ ಅಂಗಡಿಯಲ್ಲಿ ತನಗೆ ಬೇಡದ ಹಾಸಿಗೆಯನ್ನು ನೋಡಿದಂತೆ. ಈಗಿನ ನೋಟ ಬೇರೆ. ಹುಬ್ಬು ಮೇಲೇರಿತ್ತು, ತುಟಿಯ ಮೂಲೆಯಲ್ಲಿ ಒಂದು ನಗೆಯಿತ್ತು, ಆ ನಗೆಯಲ್ಲಿ ಮರ್ಯಾದೆಯಿತ್ತು. ಅವನು ವೈನ್ ಬಾಟಲಿ ಎತ್ತಿ ದೊಡ್ಡಳಿಯನ ಲೋಟಕ್ಕೆ ತಾನೇ ಸುರಿದ. ಇದುವರೆಗೆ ಒಮ್ಮೆಯೂ ಸುರಿದವನಲ್ಲ.

ದೊಡ್ಡಳಿಯ ತೆರೆದ ಬಾಯಿ ಮುಚ್ಚಿದ.

ಇದನ್ನು ಹೇಳಲು ನನಗೇ ನಾಚಿಕೆ, ಆದರೆ ನಡೆದದ್ದು ನಡೆದಂತೆ ಹೇಳಬೇಕು. ಕೆಲಸ ಹೋದವನು ಎನ್ನಿಸಿಕೊಳ್ಳುವುದೋ, ಕದ್ದುಮುಚ್ಚಿ ಒಬ್ಬಳ ಜೊತೆ ಓಡಾಡುವವನು ಎನ್ನಿಸಿಕೊಳ್ಳುವುದೋ ಎಂದು ಅವನು ತೂಗಿ ನೋಡಿದ. ಮೊದಲನೆಯದರಲ್ಲಿ ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ. ಎರಡನೆಯದರಲ್ಲಿ ಬೈಯುತ್ತಾರೆ, ಆದರೆ ಪಾಪ ಎನ್ನುವುದಿಲ್ಲ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಹೊಟ್ಟೆ ಒಳಗೆ ಸರಿಯಿತು. ಲೋಟ ಎತ್ತಿ ಒಂದು ಗುಟುಕು ಕುಡಿದು, ಯೋಚನೆಯಲ್ಲಿರುವ ದೊಡ್ಡ ಮನುಷ್ಯನ ಹಾಗೆ ಕೊಳವೆಗಳತ್ತ ನೋಡಿದ.

“ಷಡ್ಡಕರೇ, ನೀವು ಇಂಥವರು ಅಂತ ಗೊತ್ತೇ ಇರ್ಲಿಲ್ಲ,” ಎಂದ ಚಿಕ್ಕಳಿಯ, ಹೆಂಗಸರಿಗೆ ಕೇಳದ ಹಾಗೆ ಎಂದುಕೊಂಡು. ಹೆಂಗಸರಿಗೆ ಕೇಳಿತು. “ಆಫೀಸಿನವಳಾ?”

ಇಲ್ಲ ಎನ್ನಬಹುದಿತ್ತು. “ಈಗ ಅದೆಲ್ಲ ಬೇಡ ಬಿಡಿ,” ಎಂದ ದೊಡ್ಡಳಿಯ. ಎಂದದ್ದೂ ಯಾವ ದನಿಯಲ್ಲಿ! ಹಾಗೆ ಹೇಳಲು ಜೀವನದಲ್ಲಿ ಒಂದು ಅವಕಾಶಕ್ಕಾಗಿ ಕಾದಿದ್ದವನ ದನಿಯಲ್ಲಿ.

ಎಲೆಕೋಸು ಬಂತು. ಮೂರು ತುಂಡು, ಮೇಲೆ ಬೂದಿ. ಏಪ್ರನ್ನಿನವನು ಈ ಎಲೆಕೋಸು ಎಷ್ಟು ಹೊತ್ತು ಕೆಂಡದ ಮೇಲಿತ್ತು, ಅದನ್ನು ಬೆಳೆದವನು ಎಂಥ ಸಜ್ಜನ ಎಂದೆಲ್ಲ ವಿವರಿಸಿದ. ಹೆಂಡತಿ ಅವನ ಮಾತು ಮುಗಿಯುವ ತನಕ ಕೇಳಿಸಿಕೊಂಡಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಳ್ಳುವುದೂ ಅವಳಿಗೆ ತೋಚಲಿಲ್ಲ. “ಖಾರ ಜಾಸ್ತಿ ಆಯ್ತಾ ಮೇಡಂ?” ಎಂದು ಅವನು ಕೇಳಿದ. ಅವಳಿನ್ನೂ ತಿಂದೇ ಇರಲಿಲ್ಲ. ದೊಡ್ಡಳಿಯ ಅವಳನ್ನು ನೋಡಿದ. ಆದರೂ ಇನ್ನೊಂದು ಗುಟುಕು ಕುಡಿದ. ಇನ್ನೊಂದು ಸ್ವಲ್ಪ ಹೊತ್ತು, ಆಮೇಲೆ ಹೇಳಿದರಾಯಿತು ಎಂದುಕೊಂಡ. ಮೂರು ತಿಂಗಳಿಂದ ಅವನು ದಿನಾ ಅಂದುಕೊಂಡಿದ್ದೂ ಇಷ್ಟೇ.

ಆಗ ಹೆಂಡತಿ ತಂಗಿಯ ಕಡೆ ತಿರುಗಿದಳು.

“ಇವತ್ತು ನಾನು ನಿನ್ನ ಮನೇಲಿ ಮಲಗ್ತೀನಿ. ನಾಳೆ ಹೋಗಿ ಬಟ್ಟೆ ತರ್ತೀನಿ. ಆಮೇಲಿಂದು ಆಮೇಲೆ ನೋಡೋಣ.”

ಅವಳು ಕೂಗಾಡಿದ್ದರೆ ಅವನು ಇನ್ನಷ್ಟು ಹೊತ್ತು ಕೂತಿರುತ್ತಿದ್ದನೇನೋ. ಬಟ್ಟೆ ಎಂದಳಲ್ಲ, ಆ ಮಾತು ಎದೆಗೆ ನಾಟಿತು. ಮನೆಯ ಕಪಾಟಿನಲ್ಲಿ ಅವಳ ಬಟ್ಟೆಯಿಲ್ಲದ ಭಾಗ ಕಣ್ಣ ಮುಂದೆ ಬಂತು. ಮರ್ಯಾದೆ, ಲೋಟ, ನೆಟ್ಟಗಿನ ಬೆನ್ನು ಎಲ್ಲವೂ ಒಮ್ಮೆಗೇ ಕುಸಿದವು.

“ಯಾರೂ ಇಲ್ಲ ಕಣೆ! ದೇವರಾಣೆ ಯಾರೂ ಇಲ್ಲ. ಕೆಲಸ ಹೋಯ್ತು. ಮೂರು ತಿಂಗಳಾಯ್ತು. ಹೇಳೋಕೆ ಆಗದೆ ದಿನಾ ಬಂದು ಇಲ್ಲಿ ಕೂರ್ತಿದ್ದೆ.”

ಯಾರೂ ನಂಬಲಿಲ್ಲ. ನಾದಿನಿ ಮುಖ ತಿರುಗಿಸಿದಳು. ಚಿಕ್ಕಳಿಯ, ಕಸುಬಿನಲ್ಲಿ ಪಳಗಿದವನೊಬ್ಬ ಎಳಸಾಗಿ ಸಿಕ್ಕಿಬಿದ್ದಾಗ ಮರುಗುವಂತೆ ತಲೆಯಾಡಿಸಿ, “ಇಂಥ ನೆಪ ಬೇಡ ಷಡ್ಡಕರೇ, ಯಾರೂ ಒಪ್ಪಲ್ಲ,” ಎಂದ. ದೊಡ್ಡಳಿಯನಿಗೆ ತಲೆ ಕೆಟ್ಟುಹೋಯಿತು. ಮೂರು ತಿಂಗಳು ಮುಚ್ಚಿಡಲು ಪಟ್ಟ ಪಾಡು ಒಂದು ಕಡೆ, ಈಗ ಅದನ್ನೇ ನಂಬಿಸಲು ಪಡಬೇಕಾದ ಪಾಡು ಇನ್ನೊಂದು ಕಡೆ. ತಾನು ನಿರುದ್ಯೋಗಿ ಎಂದು ಹೋಟೆಲಿನ ನಡುವೆ ಆಣೆ ಇಡುತ್ತಿದ್ದ. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

“ಹಾಗಾದ್ರೆ ನನ್ನ ಡಬ್ಬಿ?” ಎಂದಳು ಹೆಂಡತಿ. “ದಿನಾ ಬೆಳಿಗ್ಗೆ ಎದ್ದು ಕಟ್ಟಿಕೊಡ್ತಿದ್ದೆನಲ್ಲ ಊಟ, ಅದನ್ನ ಅವಳಿಗೆ ತಿನ್ನಿಸ್ತಿದ್ರಾ?”

ಡಬ್ಬಿಯ ವಿಷಯ ನಾನೂ ಇಲ್ಲಿಯವರೆಗೆ ಎತ್ತಲಿಲ್ಲ. ಅದೊಂದನ್ನು ಯಾರಿಗೂ ಹೇಳಬಾರದೆಂದು ದೊಡ್ಡಳಿಯ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ.

“ಇಲ್ಲಿ ಹೊರಗಿನ ಊಟ ತಿನ್ನೋ ಹಾಗಿಲ್ಲ,” ಎಂದ. ತಲೆ ಎತ್ತಲಾಗಲಿಲ್ಲ. “ಆ ಹಲಗೆ ಹಿಂದೆ ಹೋಗಿ, ಬಾಗಿಲು ಹಾಕ್ಕೊಂಡು, ನಿಂತ್ಕೊಂಡೇ ತಿಂತಿದ್ದೆ. ಯಾರಾದ್ರೂ ಬಡಿದ್ರೆ ಬೇಗ ಬೇಗ ನುಂಗ್ತಿದ್ದೆ. ಡಬ್ಬೀನ ಅಲ್ಲೇ ಆ ಸೋಪಲ್ಲೇ ತೊಳೀತಿದ್ದೆ.”

ಹೆಂಡತಿ ಅವನನ್ನೇ ನೋಡುತ್ತ ಕೂತಳು. ಡಬ್ಬಿಯ ಮುಚ್ಚಳದಲ್ಲೂ ಆ ವಾಸನೆ ಬರುತ್ತಿದ್ದುದು ಅವಳಿಗೆ ಗೊತ್ತಿತ್ತು; ಎಷ್ಟು ತಿಕ್ಕಿದರೂ ಹೋಗುವುದಿಲ್ಲವೆಂದು ಬೈದುಕೊಳ್ಳುತ್ತಿದ್ದಳು. ಸುಳ್ಳು ಹೇಳುವ ಗಂಡಸು ತನ್ನನ್ನು ಇಷ್ಟು ಕೆಳಗಿಳಿಸಿಕೊಂಡು ಹೇಳುವುದಿಲ್ಲ. ಅವಳು ನಂಬಿದಳು. ಅವಳು ನಂಬಿದ್ದು ಕಂಡು ಉಳಿದಿಬ್ಬರೂ ನಂಬಿದರು.

ಚಿಕ್ಕಳಿಯನ ಮುಖದಲ್ಲಿದ್ದ ಮರ್ಯಾದೆ ದೀಪ ಆರಿಸಿದಂತೆ ಹೋಯಿತು. ಅದರ ಜಾಗಕ್ಕೆ ಹಳೆಯದೇ ಬಂದು ಕೂತಿತು, ಈ ಸಲ ಕರುಣೆಯನ್ನೂ ಜೊತೆಗೆ ಕರೆದುಕೊಂಡು. “ಅಯ್ಯೋ ಪಾಪ, ನನಗೊಂದು ಮಾತು ಹೇಳ್ಬಾರದಿತ್ತಾ? ನಮ್ಮಲ್ಲಿ ಉಗ್ರಾಣದ ಕಡೆ ಯಾರಾದ್ರೂ ಬೇಕಾ ಅಂತ ಕೇಳ್ತೀನಿ,” ಎಂದು ಭುಜ ತಟ್ಟಿದ. ದೊಡ್ಡಳಿಯ ತಟ್ಟಿಸಿಕೊಂಡ. ಅವಮಾನ ಆಗಬೇಕಾದಷ್ಟು ಆಗಿರಲಿಲ್ಲ ಎಂಬುದೇ ಆಶ್ಚರ್ಯ. ಇದ್ದ ಒಂದು ಭಯ ಮುಗಿದಿತ್ತು, ಹೆಂಡತಿಯ ಅಳು ನಿಂತಿತ್ತು, ಅವನಿಗೆ ಅಷ್ಟು ಸಾಕಾಗಿತ್ತು. ಕೊನೆಗೂ ಹೇಳಿಬಿಟ್ಟೆ ಎಂದು ಒಂದು ಬಗೆಯ ಹೆಮ್ಮೆಯೂ ಆಗತೊಡಗಿತ್ತು.

ಊಟ ಹೇಗೋ ಮುಗಿಯಿತು. ಹೊರಗೆ ಫುಟ್‌ಪಾತಿನಲ್ಲಿ ನಿಂತಾಗ ದೊಡ್ಡಳಿಯ ಬಸ್ ಸ್ಟಾಪಿನ ಕಡೆ ಎರಡು ಹೆಜ್ಜೆ ಹಾಕಿ ತಿರುಗಿ ನೋಡಿದ. ಹೆಂಡತಿ ಅವನ ಹಿಂದೆ ಇರಲಿಲ್ಲ. ತಂಗಿಯ ಜೊತೆ ಫ್ಲಾಟಿನ ಲಿಫ್ಟಿನ ಕಡೆ ಹೊರಟಿದ್ದಳು. ಅವನು ಓಡಿ ಬಂದ.

“ಎಲ್ಲಿಗೆ ಹೊರಟೆ? ನಿಜ ಹೇಳಿದೆನಲ್ಲ!”

“ಹೇಳಿದ್ರಿ.”

“ನಂಬಿದೆ ತಾನೇ?”

“ನಂಬಿದೆ.” ಅವಳು ತಂಗಿಗೆ ಮುಂದೆ ಹೋಗೆಂದು ಸನ್ನೆ ಮಾಡಿದಳು. “ಕೆಲಸ ಹೋದ್ರೆ ಏನಂತೆ, ಇನ್ನೊಂದು ಸಿಗುತ್ತೆ. ನೀವು ಹೆದರಿ ಹೇಳ್ಲಿಲ್ಲ ಅನ್ನೋದೂ ಅರ್ಥ ಆಗುತ್ತೆ. ಆದ್ರೆ ಅವಳು ಯಾರು ಅಂತ ನಾನು ಕೇಳಿದಾಗ ನಿಮ್ಮ ಮುಖಾನೇ ನೋಡ್ತಿದ್ದೆ. ಅವರು ನಿಮ್ಮ ಲೋಟಕ್ಕೆ ಸುರೀತಿದ್ರು. ನಾನು ಅಳ್ತಾ ಇದ್ದೆ. ನೀವು ಖುಷಿಯಾಗಿದ್ರಿ.”

ಹಾಗಲ್ಲ ಎನ್ನಲು ದೊಡ್ಡಳಿಯ ಬಾಯಿ ತೆರೆದ. ಆದರೆ ಅವಳು ಹೇಳಿದ್ದು ನಿಜವಾಗಿತ್ತು.

“ಅಂಥವಳೊಬ್ಬಳು ನಿಜವಾಗ್ಲೂ ಇದ್ದಿದ್ರೆ ಅವಳಿಗೆ ನಾಲ್ಕು ಬೈದು, ನಿಮ್ಮನ್ನ ಎಳ್ಕೊಂಡು ಮನೆಗೆ ಹೋಗ್ತಿದ್ದೆ,” ಎಂದಳು ಅವಳು. “ಈಗ ಯಾರಿಗೆ ಬೈಲಿ, ನೀವೇ ಹೇಳಿ.”